ಅರ್ಥವ್ಯವಸ್ಥೆಯ ಪಾಠಕ್ಕೆ ಕಾಫಿ ತೋಟವೇ ಸಾಕು

ಬಂಡವಾಳಶಾಹಿ, ಸಮಾಜವಾದಿ, ಮಿಶ್ರ. ಈ ಮೂರು ಅರ್ಥವ್ಯವಸ್ಥೆಗಳ ವ್ಯತ್ಯಾಸವನ್ನು ಹೈಸ್ಕೂಲ್ ಮಕ್ಕಳು ಸುಮ್ನೆ ಬಾಯಿಪಾಠ ಮಾಡುತ್ತಾರೆ. ಅಮೆರಿಕ, ರಷ್ಯಾ, ಭಾರತ ಎಂದು ಉದಾಹರಣೆ ಬರೆಯುತ್ತಾರೆ. ಚಿಕ್ಕಮಗಳೂರಿನ ಮಕ್ಕಳಿಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಬೆಳೆದದ್ದನ್ನು ಮಾರುವವರು ಯಾರು, ಬೆಲೆ ಕಟ್ಟುವವರು ಯಾರು? ಈ ಪ್ರಶ್ನೆ ಹಿಡಿದು ಕಾಫಿಯ ಚರಿತ್ರೆ ಹೇಳಿದರೆ ಪಾಠ ತಾನಾಗಿ ತೆರೆದುಕೊಳ್ಳುತ್ತದೆ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಕಾಫಿ ಬೆಲೆ ಬಿತ್ತು. ಆಮೇಲೆ ಯುದ್ಧ ಬಂದು ಯುರೋಪಿನ ಮಾರುಕಟ್ಟೆಯೂ ಕೈತಪ್ಪಿತು. ಬೆಳೆಗಾರರನ್ನು ಉಳಿಸಲು 1942ರಲ್ಲಿ ಕಾಫಿ ಕಾಯ್ದೆ ಬಂತು. ತಂದದ್ದು ಬ್ರಿಟಿಷ್ ಆಡಳಿತ, ಸಮಾಜವಾದದ ಮೇಲಿನ ಪ್ರೀತಿಯಿಂದಲ್ಲ. ಇದನ್ನು ಮಕ್ಕಳಿಗೆ ಒತ್ತಿ ಹೇಳಬೇಕು. ತೋಟ ಬೆಳೆಗಾರರದ್ದೇ. ಆದರೆ ಮನೆ ಬಳಕೆಗೆ, ಬಿತ್ತನೆಗೆ ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು. ಬೋರ್ಡ್ ಹರಾಜು ಹಾಕುತ್ತಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು. ಮಾಲೀಕತ್ವ ಖಾಸಗಿ, ಮಾರಾಟ ಸರ್ಕಾರಿ. ಮಿಶ್ರ ಅರ್ಥವ್ಯವಸ್ಥೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ?

ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಎಂದು ಗೊತ್ತುಮಾಡುತ್ತಿದ್ದ ದೇಶದೇಶಗಳ ನಡುವಿನ ಕೋಟಾ ಒಪ್ಪಂದ 1989ರಲ್ಲಿ ಮುರಿಯಿತು. ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು. ಅದೇ ವರ್ಷ ಭಾರತವೂ ಉದಾರೀಕರಣದ, ಅಂದರೆ ಮಾರುಕಟ್ಟೆಯ ಮೇಲಿನ ಸರ್ಕಾರಿ ಹಿಡಿತ ಸಡಿಲಿಸುವ, ದಾರಿ ಹಿಡಿಯಿತು. ಪೂಲ್ ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟ ಸಿಕ್ಕಿತು. ಬ್ರೆಜಿಲ್‌ನಲ್ಲಿ 1994ರಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿ (ಫ್ರಾಸ್ಟ್) ಬಿದ್ದು ಬೆಳೆ ಹಾಳಾದ ಮೇಲೆ ದರ ಏರಿತ್ತು, ಹಾಗಾಗಿ ಉತ್ಸಾಹವೂ ಜಾಸ್ತಿ ಇತ್ತು. ಆದರೆ 2000ದ ನಂತರ ವಿಶ್ವ ಮಾರುಕಟ್ಟೆಯಲ್ಲಿ ದರ ನೆಲಕಚ್ಚಿದಾಗ ಅದರ ಪೆಟ್ಟು ನೇರವಾಗಿ ತೋಟಕ್ಕೆ ಬಿತ್ತು. ಸ್ವಾತಂತ್ರ್ಯದ ಜೊತೆಗೆ ಅಪಾಯವೂ ಬೆಳೆಗಾರರ ಪಾಲಿಗೆ ಬಂದಿತ್ತು.

ಇದರ ಪಕ್ಕದಲ್ಲಿ ಹಾಸನದ ಹಾಲಿನ ಡೇರಿಯನ್ನು ಇಡಿ. ಹಸು ರೈತರದ್ದು, ಹಾಲು ಕೊಂಡು ಮಾರುವ ಸಹಕಾರ ಸಂಘ ಅದರ ಸದಸ್ಯರದ್ದು. ಸರ್ಕಾರವೂ ಅಲ್ಲ, ದಲ್ಲಾಳಿಯೂ ಅಲ್ಲ. ಪುಸ್ತಕದ ಮೂರು ವಿಭಾಗದಲ್ಲಿ ಇದು ಎಲ್ಲಿ ಕೂರುತ್ತದೆ ಎಂದು ಮಕ್ಕಳೇ ವಾದ ಮಾಡಲಿ. ಯಾವುದು ಒಳ್ಳೆಯದು ಎಂಬ ತೀರ್ಪನ್ನು ಮೇಷ್ಟ್ರು ಮೊದಲೇ ಕೊಡಬಾರದು. ಪೂಲ್ ಕಾಲ ನೋಡಿದ ಅಜ್ಜಂದಿರು ಊರಲ್ಲಿದ್ದಾರೆ, ಅವರನ್ನು ಕೇಳಿಕೊಂಡು ಬರಲಿ.

ತರಗತಿಯಲ್ಲಿ ಬೆಳೆಗಾರರ ಮಕ್ಕಳಷ್ಟೇ ಅಲ್ಲ, ತೋಟದ ಕಾರ್ಮಿಕರು ಇರುವ ಲೈನ್ ಮನೆಗಳ ಮಕ್ಕಳೂ ಕೂತಿರುತ್ತಾರೆ ಅಲ್ವಾ? ತೋಟದ ಕಾರ್ಮಿಕರಿಗೆ ಮನೆ, ನೀರು, ಚಿಕಿತ್ಸೆ ಕೊಡಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳಿತು. ಪೂಲ್ ಇದ್ದಾಗ ಅವರ ಕೂಲಿ ಹೇಗಿತ್ತು, ಪೂಲ್ ಹೋದ ಮೇಲೆ ಏನಾಯಿತು? ಈ ಹೋಲಿಕೆಯೂ ಅದೇ ಪಾಠದೊಳಗೆ ಬರಬೇಕು.