ವಿಪಿ ಪಾರ್ಸೆಲ್‌ನಿಂದ ವೈಷ್ಣೋದೇವಿ ನಾಣ್ಯದವರೆಗೆ

ಹಳೆ ಐದು ರೂಪಾಯಿ ನಾಣ್ಯ ಇದ್ದರೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಜಾಹೀರಾತು ನೀವೂ ನೋಡಿರುತ್ತೀರಿ. ಅದನ್ನು ನಂಬಿ ನಿವೃತ್ತ ಮೇಷ್ಟ್ರೊಬ್ಬರೋ, ಒಂಟಿಯಾಗಿರುವ ಅಜ್ಜಿಯೋ ಉಳಿತಾಯದ ದುಡ್ಡು ಕಳೆದುಕೊಂಡರು ಎಂಬ ಸುದ್ದಿ ಆಗಾಗ ಬರುತ್ತದೆ. ಎಲ್ಲರೂ ಅದನ್ನು ಸೈಬರ್ ವಂಚನೆ ಅಂತ ಹೇಳಿ ಮುಂದಕ್ಕೆ ಹೋಗುತ್ತಾರೆ. ಹೌದು, ಅದು ಸೈಬರ್ ವಂಚನೆಯೇ. ಆದರೆ ಮನೆಯಲ್ಲಿ ಕೂತ ವಯಸ್ಸಾದವರ ಜೊತೆ ದೂರದಿಂದಲೇ ವ್ಯಾಪಾರ ಕುದುರಿಸುವ ಈ ಕಲೆ ಇಂಟರ್ನೆಟ್ಟಿಗಿಂತ ಬಹಳ ಹಳೆಯದು. ಅದರಲ್ಲಿ ಒಂದು ಸಂಗತಿ ಮಾತ್ರ ಇವತ್ತಿನವರೆಗೂ ಬದಲಾಗಿಲ್ಲ. ದುಡ್ಡು ಮೊದಲು ಕೊಡಬೇಕು, ಬಂದದ್ದೇನು ಅಂತ ಆಮೇಲೆ ನೋಡಬೇಕು.

ನಮ್ಮಲ್ಲಿ ಇದಕ್ಕೆ ದಾರಿ ಮಾಡಿದ್ದು ಅಂಚೆ ಇಲಾಖೆಯ ವಿ.ಪಿ.ಪಿ., ಅಂದರೆ ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಪಾರ್ಸೆಲ್. 1877ರಲ್ಲಿ ಶುರುವಾದ ಈ ವ್ಯವಸ್ಥೆ ಹಳ್ಳಿಗಳಿಗೆ ದೊಡ್ಡ ಉಪಕಾರ ಮಾಡಿತು ಅನ್ನುವುದನ್ನು ಮೊದಲು ಹೇಳಲೇಬೇಕು. ಪುಸ್ತಕದ ಅಂಗಡಿಯೇ ಇಲ್ಲದ ಊರಿಗೆ ಕಾದಂಬರಿ ಬಂತು, ಪಂಚಾಂಗ ಬಂತು, ಹೊಲಿಗೆ ಕಲಿಸುವ ಪುಸ್ತಕ ಬಂತು. ಕಾರ್ಡ್ ಬರೆದು ಹಾಕಿದರೆ ಸಾಕು, ಪಾರ್ಸೆಲ್ ಬಂದಾಗ ದುಡ್ಡು ಕೊಟ್ಟು ವಿಪಿ ಬಿಡಿಸಿಕೊಂಡರಾಯಿತು. ಅದೇ ದಾರಿಯಲ್ಲಿ ಬೇರೆಯವೂ ಬಂದವು. ಪತ್ರಿಕೆಯ ಮೂಲೆಯಲ್ಲಿ ಒಂಬತ್ತು ಮನೆಗಳ ಒಂದು ಚೌಕ ಇರುತ್ತಿತ್ತು. ಯಾವ ಕಡೆಯಿಂದ ಕೂಡಿದರೂ 15 ಬರುವಂತೆ ತುಂಬಿ ಕಳಿಸಿದರೆ ರೇಡಿಯೋ ಬಹುಮಾನ. ಮೂರನೇ ಕ್ಲಾಸಿನ ಮಗುವೂ ತುಂಬುವಂಥ ಲೆಕ್ಕ. ಎಲ್ಲರೂ ಗೆಲ್ಲುತ್ತಿದ್ದರು! ‘ಸಾಗಣೆ ವೆಚ್ಚ’ದ ಹೆಸರಲ್ಲಿ ವಿಪಿ ಬರುತ್ತಿತ್ತು. ಒಳಗೆ ಮಾತಾಡದ ರೇಡಿಯೋ.

ಕಾನೂನು ಮಾಡಿದವರಿಗೆ ಇದರ ಅಂದಾಜು ಇರಲಿಲ್ಲ ಅಂತಲ್ಲ. 1898ರ ಅಂಚೆ ಕಾಯ್ದೆಯಲ್ಲೇ ಎರಡು ಕಾವಲು ಇದ್ದವು. ನಿಜವಾಗಿ ಆರ್ಡರ್ ಬಂದಿದೆ, ಅದಕ್ಕೇ ಕಳಿಸುತ್ತಿದ್ದೇನೆ ಅಂತ ಕಳಿಸುವವನು ಘೋಷಿಸಬೇಕು. ಮೋಸ ಅಂತ ಕಂಡರೆ ವಸೂಲಾದ ದುಡ್ಡನ್ನು ಅಂಚೆ ಇಲಾಖೆಯೇ ತಡೆಹಿಡಿದು, ಕೊಟ್ಟವರಿಗೆ ಮರಳಿಸಲು ನಿಯಮ ಮಾಡಬಹುದು. ನನ್ನ ಮಟ್ಟಿಗೆ ಇವೆರಡಕ್ಕಿಂತ ದೊಡ್ಡ ಕಾವಲು ಪೋಸ್ಟ್‌ಮ್ಯಾನ್. ಅವನಿಗೆ ಊರಿನ ಪ್ರತಿ ಮನೆಯೂ ಗೊತ್ತು. ಇದೇ ಕಂಪನಿಯ ಪಾರ್ಸೆಲ್ ಪಕ್ಕದ ಬೀದಿಯಲ್ಲಿ ಏನಾಯಿತು ಅಂತಲೂ ಗೊತ್ತು. ‘ಅಜ್ಜಾ, ಇದನ್ನು ನೀವೇ ತರಿಸಿದ್ರಾ?’ ಅಂತ ಅವನು ಕೇಳುವ ಒಂದು ಕ್ಷಣ ಇತ್ತು. ಬೇಡ ಅಂದರೆ ಪಾರ್ಸೆಲ್ ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿತ್ತು.

ರೇಡಿಯೋ ಬಹುಮಾನದ ವಿಪಿಗಳ ಕಾಲದಲ್ಲೇ ಅಮೆರಿಕದಲ್ಲಿ ಅಂಚೆ ವ್ಯಾಪಾರ ಇನ್ನೊಂದು ರೂಪ ತಾಳಿತ್ತು. ಅಲ್ಲಿ ಮಾರಾಟವಾಗುತ್ತಿದ್ದುದು ನೆನಪಿನ ವಸ್ತುಗಳು: ಚಿತ್ರ ಬಿಡಿಸಿದ ಪಿಂಗಾಣಿ ತಟ್ಟೆ, ಪದಕ, ಬೊಂಬೆ, ಸ್ಮಾರಕ ನಾಣ್ಯ. ‘ಸೀಮಿತ ಸಂಖ್ಯೆ’, ‘ಮೊಮ್ಮಕ್ಕಳಿಗೆ ಆಸ್ತಿ’ ಎಂಬ ಮಾತುಗಳು. ಒಂದು ತಟ್ಟೆ ಕೊಂಡರೆ ಸರಣಿಯ ಮುಂದಿನ ತಟ್ಟೆ ತಾನಾಗಿ ಬರುತ್ತಿತ್ತು, ಅದರ ಹಿಂದೆಯೇ ಬಿಲ್ಲು. ಬೇಡ ಅಂತ ಬರೆದು ತಿಳಿಸದಿದ್ದರೆ ಬೇಕು ಅಂತಲೇ ಅರ್ಥ. ಅಲ್ಲಿನ ಸರ್ಕಾರ 1970ರ ಕಾನೂನಿನಲ್ಲಿ ಒಂದು ನೇರವಾದ ಮಾತು ಬರೆಯಿತು. ಕೇಳದೆ ಅಂಚೆಯಲ್ಲಿ ಬಂದ ವಸ್ತುವನ್ನು ಉಡುಗೊರೆ ಅಂತ ಇಟ್ಟುಕೊಳ್ಳಬಹುದು, ದುಡ್ಡು ಕೊಡಬೇಕಾಗಿಲ್ಲ. ಸರಣಿ ಮಾರಾಟಕ್ಕೂ 1973ರಲ್ಲಿ ನಿಯಮ ಬಂತು. ನಮ್ಮ ಗ್ರಾಹಕ ಕಾಯ್ದೆಯಲ್ಲಿ ಇಷ್ಟು ನೇರವಾದ ಸಾಲು ಇವತ್ತಿಗೂ ಇಲ್ಲ. ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿದಂತೆ ಆಗುವುದಿಲ್ಲ ಎಂಬ ಒಪ್ಪಂದ ಕಾನೂನಿನ ತತ್ವ ಇದೆ ನಿಜ. ಆದರೆ ಬಾಗಿಲಲ್ಲಿ ಪಾರ್ಸೆಲ್ ಹಿಡಿದು ನಿಂತವನ ಮುಂದೆ ಅಜ್ಜಿ ಆ ತತ್ವ ಹೇಳಬೇಕಲ್ಲ?

ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ಬಂತು, ಅದರ ಬೆನ್ನಿಗೇ ಟೆಲಿಶಾಪಿಂಗ್. ಬೆಳಗಿನ ಜಾವ, ಮಧ್ಯಾಹ್ನ, ನಡುರಾತ್ರಿ, ಅಂದರೆ ಮನೆಯಲ್ಲಿ ಹಿರಿಯರು ಒಬ್ಬರೇ ಟಿವಿ ಮುಂದೆ ಇರುವ ಹೊತ್ತಿಗೆ ಸರಿಯಾಗಿ ಅರ್ಧ ಗಂಟೆಯ ಜಾಹೀರಾತು. ಮಂಡಿನೋವಿನ ಎಣ್ಣೆ, ರುದ್ರಾಕ್ಷಿ, ದೇವರ ಯಂತ್ರ, ಚಿನ್ನದ ಲೇಪದ ಪಾದುಕೆ. ತುಟಿಗೆ ಮಾತು ಹೊಂದದ ಕನ್ನಡ ಡಬ್ಬಿಂಗ್ ನೋಡಿ ನಾವೆಲ್ಲ ನಗುತ್ತಿದ್ದೆವು, ಆದರೆ ಆರ್ಡರ್‌ಗಳು ಹೋಗುತ್ತಲೇ ಇದ್ದವು. ಇಂಥ ಯಂತ್ರದ ಜಾಹೀರಾತಿನ ವಿರುದ್ಧದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಅತಿಮಾನುಷ ಶಕ್ತಿ ಇದೆ ಅಂತ ಹೇಳಿ ವಸ್ತು ಮಾರುವ ಜಾಹೀರಾತು ಮಹಾರಾಷ್ಟ್ರದ 2013ರ ಮಾಟಮಂತ್ರ ವಿರೋಧಿ ಕಾಯ್ದೆಯ ಪ್ರಕಾರ ಅಕ್ರಮ ಅಂತ ಹೇಳಿತು. ಅಷ್ಟರಲ್ಲಿ ಆ ಜಾಹೀರಾತುಗಳಿಗೆ ಎಷ್ಟೋ ವರ್ಷ ವಯಸ್ಸಾಗಿತ್ತು.

ಈ ಘಟ್ಟದಲ್ಲಿ ವಸ್ತುವಿಗಿಂತ ಬೆಲೆಬಾಳುವ ಇನ್ನೊಂದು ಸರಕು ಹುಟ್ಟಿತು. ಅದು ಪಟ್ಟಿ. ಯಾರು ಕೊಂಡರು, ಯಾವ ಊರು, ಯಾವ ನಂಬರ್, ಮಾತು ನಯವಾಗಿದ್ದರೆ ಎಷ್ಟು ಹೊತ್ತು ಕೇಳುತ್ತಾರೆ. ಒಮ್ಮೆ ಮಂಡಿನೋವಿನ ಎಣ್ಣೆ ತರಿಸಿದವರಿಗೆ ಮುಂದಿನ ವಾರ ಯಂತ್ರದ ಕರೆ, ಅದರ ಮುಂದಿನ ತಿಂಗಳು ‘ನಿಮಗೆ ಕಾರು ಬಹುಮಾನ ಬಂದಿದೆ’ ಎಂಬ ಪತ್ರ. ಆ ಪತ್ರ ಅಂಚೆಯಲ್ಲಿ, ಗೀರಿ ನೋಡುವ ಕಾರ್ಡ್ ಸಮೇತ, ಪೂರ್ತಿ ಹೆಸರು ವಿಳಾಸ ಬರೆದು ಬರುತ್ತದೆ. ಅಷ್ಟೆಲ್ಲ ಸರಿಯಾಗಿ ಬರೆದವರು ಸುಳ್ಳು ಹೇಳುತ್ತಾರಾ ಅಂತ ಅನ್ನಿಸುವುದು ಸಹಜ. ಬೇಡದ ಕರೆ ತಡೆಯುವ ನೋಂದಣಿ 2007ರಲ್ಲಿ ಬಂತು, 1909ಕ್ಕೆ ಮೆಸೇಜ್ ಕಳಿಸುವ ವ್ಯವಸ್ಥೆಯೂ ಬಂತು. ನಿಯಮ ಪಾಲಿಸುವ ಕಂಪನಿಗಳ ಕರೆಗಳು ಕಡಿಮೆಯಾದವು. ಉಳಿದವರು ಮೊದಲಿನಿಂದಲೂ ನಿಯಮ ಪಾಲಿಸಿದವರಲ್ಲ.

ಈಗ ನಾಣ್ಯದ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಯಾಕೆಂದರೆ ಇಲ್ಲಿ ವ್ಯಾಪಾರ ತಲೆಕೆಳಗಾಗಿದೆ. ಹಿಂದೆಲ್ಲ ಹಿರಿಯರಿಗೆ ವಸ್ತು ಮಾರುತ್ತಿದ್ದರು. ಈಗ ಹಿರಿಯರ ವಸ್ತುವನ್ನು ಕೊಳ್ಳುತ್ತೇವೆ ಅಂತ ಬರುತ್ತಾರೆ.

ಸರಕು ಪ್ರತಿ ಮನೆಯಲ್ಲೂ ಇದೆ. ಸ್ವತಂತ್ರ ಭಾರತದಲ್ಲಿ ಸ್ಮಾರಕ ನಾಣ್ಯ ಶುರುವಾದದ್ದು 1964ರಲ್ಲಿ, ನೆಹರೂ ನಿಧನದ ನಂತರ. 1969ರ ಗಾಂಧಿ ಶತಮಾನೋತ್ಸವಕ್ಕೆ ಹತ್ತು ರೂಪಾಯಿಯ ಬೆಳ್ಳಿ ನಾಣ್ಯ ಬಂತು. ಕಮಲದ ಚಿತ್ರದ ಹಳದಿ 20 ಪೈಸೆಯನ್ನು ಲಕ್ಷ್ಮಿ ಪೂಜೆಗೆ ಅಂತ ಎತ್ತಿಟ್ಟವರು ಬಹಳ ಜನ. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ ನಿಂತಿತು. ಅಲ್ಲಿಗೆ ಡಬ್ಬಿಯಲ್ಲಿದ್ದ ಚಿಲ್ಲರೆ ಒಂದೇ ದಿನದಲ್ಲಿ ‘ಹಳೆ ನಾಣ್ಯ’ ಆಯಿತು. 2012ರಲ್ಲಿ ವೈಷ್ಣೋದೇವಿ ಮಂದಿರ ಮಂಡಳಿಯ ಬೆಳ್ಳಿಹಬ್ಬಕ್ಕೆ ಐದು ಮತ್ತು ಹತ್ತು ರೂಪಾಯಿಯ ನಾಣ್ಯ ಬಂದವು. ದೇವಿಯ ಚಿತ್ರ ಇದ್ದದ್ದರಿಂದ ಯಾರೂ ಖರ್ಚು ಮಾಡಲಿಲ್ಲ, ದೇವರ ಮನೆಯಲ್ಲಿ ಇಟ್ಟುಕೊಂಡರು. ಜಾಹೀರಾತಿನಲ್ಲಿ ಈಗ ಜಾಸ್ತಿ ಕಾಣುವುದು ಇದೇ ನಾಣ್ಯ, ಅದರ ಜೊತೆ ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು ಮತ್ತು 786 ಸಂಖ್ಯೆಯ ನೋಟು.

ನಾಣ್ಯ ಸಂಗ್ರಹ ಒಂದು ನಿಜವಾದ ಹವ್ಯಾಸ, ಅದಕ್ಕೆ ನಿಜವಾದ ಮಾರುಕಟ್ಟೆಯೂ ಇದೆ. ಅಲ್ಲಿ ಇಸವಿಯ ಕೆಳಗಿನ ಸಣ್ಣ ಗುರುತು ನೋಡಿ ನಾಣ್ಯ ಯಾವ ಟಂಕಸಾಲೆಯಲ್ಲಿ ಅಚ್ಚಾದದ್ದು ಅಂತ ತಿಳಿಯುತ್ತಾರೆ: ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಆ ವರ್ಷ ಆ ಟಂಕಸಾಲೆಯಲ್ಲಿ ಎಷ್ಟು ಅಚ್ಚಾಗಿವೆ, ಎಷ್ಟು ಸವೆದಿದೆ, ಇವುಗಳ ಮೇಲೆ ಬೆಲೆ ನಿಲ್ಲುತ್ತದೆ. ಕೈಯಲ್ಲಿ ಹಿಡಿದು, ಭೂತಗನ್ನಡಿ ಇಟ್ಟು ನೋಡದೆ ಅನುಭವಿ ಸಂಗ್ರಾಹಕ ಬೆಲೆಯನ್ನೇ ಹೇಳುವುದಿಲ್ಲ. ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಇರುವ ನಾಣ್ಯಕ್ಕೆ ವಾಟ್ಸಾಪ್ ಫೋಟೊ ನೋಡಿ ಲಕ್ಷ ಕೊಡುತ್ತೇನೆ ಅನ್ನುವವನಿಗೆ ನಾಣ್ಯ ಬೇಕಾಗಿಯೇ ಇಲ್ಲ.

ಆಟ ನಡೆಯುವುದು ಹೀಗೆ. ಫೋಟೊ ಕಳಿಸಿದ ಕೂಡಲೇ ಹೊಗಳಿಕೆ: ಇಂಥದ್ದು ಬಹಳ ಅಪರೂಪ, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ. ಆಮೇಲೆ ಬೆಲೆ. ಆಮೇಲೆ ‘ಮಾರಾಟಗಾರರ ಕಾರ್ಡ್’ ಮಾಡಿಸಲು ಒಂದು ಸಣ್ಣ ಮೊತ್ತ. ಅದು ಬಂದ ಮೇಲೆ ರಿಸರ್ವ್ ಬ್ಯಾಂಕಿನ ಲಾಂಛನ ಹಾಕಿದ ಪತ್ರ. ನಂತರ ಜಿಎಸ್‌ಟಿ, ಟಿಡಿಎಸ್, ಎನ್‌ಒಸಿ, ವಿಮೆ. ‘ನಮ್ಮ ಹುಡುಗ ದುಡ್ಡಿನ ಬ್ಯಾಗ್ ಹಿಡಿದು ಏರ್‌ಪೋರ್ಟ್‌ನಲ್ಲಿದ್ದಾನೆ, ಅಲ್ಲಿ ತಡೆದಿದ್ದಾರೆ’ ಎಂಬ ಕರೆ. ಪ್ರತಿ ಹಂತದಲ್ಲೂ ಕೇಳುವ ಮೊತ್ತ, ಸಿಗಲಿರುವ ಲಕ್ಷದ ಮುಂದೆ ಚಿಕ್ಕದಾಗಿಯೇ ಕಾಣುತ್ತದೆ. ಇಷ್ಟು ಹಾಕಿದ್ದೇನೆ, ಇನ್ನೊಂದು ಸಲ ಹಾಕಿದರೆ ಮುಗಿಯಿತು ಎಂಬ ಲೆಕ್ಕ ಶುರುವಾಗುತ್ತದೆ. ಬೋರ್‌ವೆಲ್ ಕೊರೆಸುವವರಿಗೆ ಈ ಲೆಕ್ಕ ಗೊತ್ತು, ಇನ್ನೈವತ್ತು ಅಡಿ ಹೋದರೆ ನೀರು ಸಿಕ್ಕೀತು ಅಂತ.

ಇದು ಎಷ್ಟು ಹಬ್ಬಿತು ಅಂದರೆ 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಬೇಕಾಯಿತು. ಹಳೆ ನೋಟು ನಾಣ್ಯಗಳ ಇಂಥ ವ್ಯವಹಾರ ನಾವು ಮಾಡುವುದಿಲ್ಲ, ಅದಕ್ಕೆ ಶುಲ್ಕವನ್ನೋ ಕಮಿಷನ್ನನ್ನೋ ಯಾವತ್ತೂ ಕೇಳುವುದಿಲ್ಲ, ನಮ್ಮ ಪರವಾಗಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ಹೇಳಿತು. ಪ್ರಕಟಣೆ ಸ್ಪಷ್ಟವಾಗಿತ್ತು. ಅದು ಬ್ಯಾಂಕಿನ ವೆಬ್‌ಸೈಟಿನಲ್ಲಿತ್ತು, ಪೇಪರಿನಲ್ಲೂ ಬಂತು. ಆದರೆ ಜಾಹೀರಾತು ಇರುವುದು ಅಜ್ಜನ ಫೋನಿನಲ್ಲಿ, ದಿನಾ.

ಕಾನೂನು ಸುಮ್ಮನೆ ಕೂತಿಲ್ಲ ಅನ್ನುವುದನ್ನೂ ಒಪ್ಪಬೇಕು. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಕೊಡುವ ಉದ್ದೇಶವಿಲ್ಲದೆ ಬಹುಮಾನದ ಆಸೆ ತೋರಿಸುವುದು, ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ದಾಟಿಸುವುದು ಎರಡೂ ಅನುಚಿತ ವ್ಯಾಪಾರ ಪದ್ಧತಿಗಳು. 2023ರ ನವೆಂಬರ್‌ನಲ್ಲಿ ಗ್ರಾಹಕರನ್ನು ಆನ್‌ಲೈನಿನಲ್ಲಿ ದಾರಿ ತಪ್ಪಿಸುವ 13 ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದರು. ‘ಇನ್ನು ಹತ್ತೇ ನಿಮಿಷ, ಎರಡೇ ಉಳಿದಿವೆ’ ಅಂತ ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿ ಮೊದಲನೆಯದು. 2025ರ ಅಕ್ಟೋಬರ್‌ನಿಂದ ಯುಪಿಐನಲ್ಲಿ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ‘ದುಡ್ಡು ಕೊಡಿ’ ಎಂಬ ಕಲೆಕ್ಟ್ ವಿನಂತಿ ಕಳಿಸುವುದನ್ನು ನಿಲ್ಲಿಸಿದ್ದಾರೆ. ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಆದರೆ ಹೆಚ್ಚಿನವು ಉಪಯೋಗಕ್ಕೆ ಬರುವುದು ಎದುರಾಳಿಗೆ ವಿಳಾಸ ಇದ್ದಾಗ. ನಾಣ್ಯದ ವ್ಯಾಪಾರಿಗೆ ಇರುವುದು ಒಂದು ಸಿಮ್, ಅದೂ ಬೇರೆಯವರ ಹೆಸರಲ್ಲಿ.

ಹಾಗಾಗಿ ಮನೆಯವರ ಪಾತ್ರ ಮತ್ತೆ ಮುಂದಕ್ಕೆ ಬರುತ್ತದೆ, ಅಲ್ಲೇ ಹೆಚ್ಚಿನ ಮನೆಗಳು ಎಡವುವುದೂ. ವಿಷಯ ಗೊತ್ತಾದ ದಿನ ಮಕ್ಕಳು ಬೈಯುತ್ತಾರೆ. ‘ಇಷ್ಟೂ ಗೊತ್ತಾಗಲ್ವಾ ನಿಮಗೆ?’ ಮರುದಿನದಿಂದ ಅಪ್ಪ ಫೋನಿನ ಮೆಸೇಜ್ ಅಳಿಸಲು ಕಲಿಯುತ್ತಾರೆ. ಆ ಕಡೆಯವನು ಮಾತ್ರ ದಿನಾ ‘ಊಟ ಆಯ್ತಾ ಸಾರ್?’ ಅಂತ ಕೇಳುತ್ತಾನೆ. ಮಕ್ಕಳೂ ಕೇಳದ ಪ್ರಶ್ನೆ ಅದು ಅಂದರೆ ಕೆಲವರಿಗೆ ಬೇಸರವಾಗಬಹುದು. ಫೋನ್ ಕಿತ್ತುಕೊಳ್ಳುವುದಕ್ಕಿಂತ ಪಿಂಚಣಿ ಬರುವ ಖಾತೆಯನ್ನು ಯುಪಿಐಗೆ ಜೋಡಿಸದೆ ಬಿಟ್ಟು, ದಿನದ ಖರ್ಚಿಗೆ ಸಣ್ಣ ಮೊತ್ತದ ಬೇರೆ ಖಾತೆ ಮಾಡಿಕೊಡುವುದು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಅವರ ಮರ್ಯಾದೆಯೂ ಉಳಿಯುತ್ತದೆ. ಪಾರ್ಸೆಲ್ ಬಂದರೆ, ಮನೆಯಲ್ಲಿ ಇಬ್ಬರಿಗೆ ಗೊತ್ತಿರದ ಆರ್ಡರ್‌ಗೆ ದುಡ್ಡು ಕೊಡುವುದಿಲ್ಲ ಎಂಬ ನಿಯಮ ಎಲ್ಲರಿಗೂ ಇರಲಿ, ಅಜ್ಜನಿಗೆ ಮಾತ್ರ ಅಲ್ಲ. ನಾಣ್ಯದ ಡಬ್ಬಿ ಇದ್ದರೆ ಅವರ ಜೊತೆ ಕೂತು ಒಂದು ಭಾನುವಾರ ಟಂಕಸಾಲೆಯ ಗುರುತು ಹುಡುಕಿ. ಅಷ್ಟು ತಿಳಿದವರು ಫೋಟೊ ನೋಡಿ ಲಕ್ಷ ಹೇಳುವವನನ್ನು ಬೇಗ ಗುರುತಿಸುತ್ತಾರೆ.

ದುಡ್ಡು ಹೋಗಿದ್ದರೆ ಬೈಗುಳಕ್ಕೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲು ತಡೆಯಲು ಸಾಧ್ಯವಾಗುವುದು ಆರಂಭದ ಕೆಲವು ಗಂಟೆಗಳಲ್ಲಿ ಮಾತ್ರ. ವ್ಯವಹಾರದ ಸಂಖ್ಯೆ, ಸ್ಕ್ರೀನ್‌ಶಾಟ್, ಆ ಕಡೆಯ ನಂಬರ್ ಯಾವುದನ್ನೂ ಅಳಿಸಬೇಡಿ. ನಿಜವಾದ ಕಂಪನಿಯ ಪಾರ್ಸೆಲ್ ಜಗಳವಾದರೆ ಗ್ರಾಹಕ ಸಹಾಯವಾಣಿ 1915, ಹಿರಿಯರಿಗೆ ಬೇರೆ ಸಹಾಯ ಬೇಕಾದರೆ ಹಿರಿಯರ ಸಹಾಯವಾಣಿ 14567. ಆಮೇಲಿನ ಕೆಲವು ತಿಂಗಳು ಎಚ್ಚರವಾಗಿರಿ, ಇನ್ನೊಂದು ಮೋಸದ ಕರೆ ಬರುತ್ತದೆ. ನಾವು ವಕೀಲರು, ನಿಮ್ಮ ನಾಣ್ಯದ ದುಡ್ಡು ವಾಪಸ್ ಕೊಡಿಸುತ್ತೇವೆ, ಫೈಲ್ ತೆರೆಯಲು ಇಷ್ಟು ಹಾಕಿ ಅಂತ ಅವರು ಹೇಳುತ್ತಾರೆ. ನಂಬರ್ ಅವರಿಗೆ ಸಿಕ್ಕಿದ್ದು ಅದೇ ಪಟ್ಟಿಯಿಂದ.