ಎದುರಿಗೇ ಬಸ್ ಸ್ಟಾಪ್ ಇದೆ, ಆರು ಮನೆ ಕಟ್ಟಬಹುದಾ?

ಪ್ರಶ್ನೆ: ಕೆನಡಾದ ಸರ್ರೆಯಲ್ಲಿ ನಮ್ಮದೊಂದು ಹಳೆಯ ಒಂಟಿ ಮನೆ ಇದೆ. ಗೇಟಿನ ಎದುರಿಗೇ ಬಸ್ ಸ್ಟಾಪ್. ಹೊಸ ಕಾನೂನಿನ ಪ್ರಕಾರ ಇದನ್ನು ಕೆಡವಿ ಆರು ಮನೆ ಕಟ್ಟಬಹುದು ಅಂತ ಏಜೆಂಟ್ ಹೇಳುತ್ತಿದ್ದಾರೆ. ನಿಜವಾ ಸರ್?

ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. ಮನೆ ನಕ್ಷೆ ಬಿಡಿಸುವುದು ನನ್ನ ಹೊಟ್ಟೆಪಾಡು. ಹಾಗಂತ ಯುಗಾದಿ ಊಟದ ಪಂಕ್ತಿಯಲ್ಲಿ, ಎಲೆಗೆ ಹೋಳಿಗೆ ಬೀಳುವ ಹೊತ್ತಿಗೂ ಇದನ್ನೇ ಕೇಳಿದರೆ ಏನು ಮಾಡಲಿ? ಒಮ್ಮೆ ಬರೆದಿಟ್ಟುಬಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ಸರ್ರೆ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ಕಾರ 2023ರ ನವೆಂಬರಿನಲ್ಲಿ 44ನೇ ಮಸೂದೆ ಪಾಸು ಮಾಡಿತು. ಒಂಟಿ ಮನೆಗೆ ಮಾತ್ರ ಅಂತ ಮೀಸಲಿಟ್ಟ ಜಾಗದಲ್ಲೂ ಹೆಚ್ಚು ಮನೆಗಳಿಗೆ ಅವಕಾಶ ಕೊಡಿ, 2024ರ ಜೂನ್ 30ರೊಳಗೆ ನಿಮ್ಮ ಬೈಲಾ ತಿದ್ದಿಕೊಳ್ಳಿ ಅಂತ ಊರೂರಿನ ನಗರಸಭೆಗಳಿಗೆ ಹೇಳಿತು. ಸರ್ರೆಯಂಥ ಊರಿನಲ್ಲಿ 280 ಚದರ ಮೀಟರ್‌ವರೆಗಿನ ಜಾಗಕ್ಕೆ ಮೂರು ಮನೆ, ಅದಕ್ಕಿಂತ ದೊಡ್ಡದಿದ್ದರೆ ನಾಲ್ಕು. ಈ ಮೂರು-ನಾಲ್ಕಕ್ಕೂ ಬಸ್ಸಿಗೂ ಸಂಬಂಧವೇ ಇಲ್ಲ. ಬಸ್ಸಿನ ಮಾತು ಬರುವುದು ಆರು ಮನೆ ಅಂದಾಗ ಮಾತ್ರ: ಜಾಗ 281 ಚದರ ಮೀಟರ್ ದಾಟಿರಬೇಕು, ಅದರ ಒಂದು ಮೂಲೆಯಾದರೂ ಕಾನೂನು ಒಪ್ಪುವ ಬಸ್ ಸ್ಟಾಪಿನಿಂದ 400 ಮೀಟರ್ ಒಳಗಿರಬೇಕು. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ 281 ಚದರ ಮೀಟರ್ ಅಂದರೆ ಸುಮಾರು 3025 ಚದರ ಅಡಿ. ಬೆಂಗಳೂರಿನ 50×60 ಸೈಟನ್ನು ಎತ್ತಿ ತಂದು ಇಲ್ಲಿಟ್ಟರೆ ಬರೀ 25 ಚದರ ಅಡಿ ಕಡಿಮೆ ಬಿದ್ದು ಫೇಲಾಗುತ್ತದೆ. ಪುಣ್ಯಕ್ಕೆ ಸರ್ರೆಯ ಹಳೆಯ ಜಾಗಗಳು ಅದಕ್ಕಿಂತ ದೊಡ್ಡವು.

“ಕಾನೂನು ಒಪ್ಪುವ ಬಸ್ ಸ್ಟಾಪ್” ಅಂದೆನಲ್ಲ, ಎಲ್ಲರೂ ಎಡವುವುದು ಅಲ್ಲೇ. ಕಂಬ ನೆಟ್ಟಿದ್ದರೆ ಅದು ಬಸ್ ಸ್ಟಾಪ್, ಬಸ್ ಸ್ಟಾಪ್ ಇದ್ದರೆ ಆರು ಮನೆ ಅಂತ ನಂಬಿಕೊಂಡಿದ್ದಾರೆ. ಕಾನೂನು ನೋಡುವುದು ಕಂಬವನ್ನಲ್ಲ, ವೇಳಾಪಟ್ಟಿಯನ್ನು. ಆ ಸ್ಟಾಪಿನಲ್ಲಿ ಕನಿಷ್ಠ ಒಂದು ರೂಟಿನ ಬಸ್ಸು ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 7ರಿಂದ ಸಂಜೆ 7ರ ತನಕ, ಶನಿವಾರ-ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 6ರ ತನಕ, ಸರಾಸರಿ 15 ನಿಮಿಷಕ್ಕೊಮ್ಮೆಯಾದರೂ ನಿಲ್ಲಬೇಕು. ಗಂಟೆಗೆ ನಾಲ್ಕರಂತೆ ಹನ್ನೆರಡು ಗಂಟೆಗೆ 48 ಬಸ್ಸು. ವಾರದ ಕೊನೆಯಲ್ಲಿ ಎಂಟು ಗಂಟೆಗೆ 32.

ಒಬ್ಬ ಸ್ನೇಹಿತರಿಗೆ ಇದನ್ನು ಮೂರು ಸಲ ಫೋನಿನಲ್ಲಿ ಹೇಳಿದೆ. ತಲೆಗೆ ಹೋಗಲಿಲ್ಲ. ಕೊನೆಗೆ ಅವರ ಮನೆ ಮುಂದಿನ ಸ್ಟಾಪಿಗೇ ಕರೆದುಕೊಂಡು ಹೋದೆ. ಕಂಬದ ಮೇಲೆ ಐದಂಕಿಯ ಸ್ಟಾಪ್ ನಂಬರ್ ಇರುತ್ತದೆ. ಅದನ್ನು ಇಲ್ಲಿ ಬಸ್ಸು ಓಡಿಸುವ ಟ್ರಾನ್ಸ್‌ಲಿಂಕ್ ಸಂಸ್ಥೆಯ ವೆಬ್‌ಸೈಟಿಗೆ ಹಾಕಿದರೆ ಆ ಸ್ಟಾಪಿನ ಇಡೀ ದಿನದ ಪಟ್ಟಿ ಸಿಗುತ್ತದೆ. ವಾರದ ದಿನ ಬೆಳಿಗ್ಗೆ-ಸಂಜೆ ಗದ್ದಲದ ನಾಲ್ಕು ಗಂಟೆ ಹತ್ತು ನಿಮಿಷಕ್ಕೊಂದು ಬಸ್ಸು: 24. ಉಳಿದ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೊಂದು: ಅಲ್ಲೂ 24. ಕೂಡಿಸಿದರೆ ಸರಿಯಾಗಿ 48, ಪಾಸು! ಅವರ ಮುಖ ಅರಳಿತು. ಆಮೇಲೆ ಭಾನುವಾರದ ಪಟ್ಟಿ ತೆಗೆದೆವು. ದಿನವಿಡೀ ಇಪ್ಪತ್ತು ನಿಮಿಷಕ್ಕೊಂದು. ಎಂಟು ಗಂಟೆಗೆ 24. ಬೇಕಾದದ್ದು 32.

“ಇನ್ನೊಂದು ರೂಟಿನ ಬಸ್ಸೂ ಇಲ್ಲೇ ನಿಲ್ಲುತ್ತಲ್ಲ, ಅದನ್ನೂ ಸೇರಿಸಿ” ಅಂದರು. ಸೇರಿಸುವ ಹಾಗಿಲ್ಲ, ಒಂದೇ ರೂಟು ತಾನಾಗಿ ಪಾಸಾಗಬೇಕು. “ರಸ್ತೆಯ ಆಚೆ ಬದಿಯದು?” ಅಂದರು. ಅದು ವಾಪಸ್ ಹೋಗುವ ಬಸ್ಸು ಸ್ವಾಮಿ, ಅದರ ಸ್ಟಾಪೇ ಬೇರೆ. ಹೋಗುವ ಬಸ್ಸು ಬರುವ ಬಸ್ಸು ಕೂಡಿಸಿ ಎಣಿಸಿದರೆ ಎಷ್ಟೋ ರೂಟುಗಳು ಪಾಸಾಗಿಬಿಡುತ್ತವೆ. ಆ ಜಾಗಕ್ಕೆ ನಾಲ್ಕೇ ಮನೆ.

ಹಾಗಾದರೆ ಯಾವ ಸ್ಟಾಪುಗಳು ಪಾಸಾಗುತ್ತವೆ? ಕಿಂಗ್ ಜಾರ್ಜ್ ರಸ್ತೆಯ ಆರ್1, 2024ರ ಜನವರಿಯಿಂದ ಸ್ಕಾಟ್ ರೋಡಿನಲ್ಲಿ ಓಡುತ್ತಿರುವ ಆರ್6, ಇಂಥ ಪದೇ ಪದೇ ಬರುವ ರ‍್ಯಾಪಿಡ್‌ಬಸ್ಸು ನಿಲ್ಲುವ ಕಡೆ ತಲೆಕೆಡಿಸಿಕೊಳ್ಳಬೇಕಿಲ್ಲ. ಬಡಾವಣೆಯೊಳಗೆ ಸುತ್ತಿ ಸುತ್ತಿ ಬರುವ ಪುಟ್ಟ ಬಸ್ಸನ್ನು ನೋಡಿ ಮಾತ್ರ ಮನೆ ಮಾರುವವರು ಹೇಳಿದ ಬೆಲೆಗೆ ತಲೆಯಾಡಿಸಬೇಡಿ. ಕೊನೆಯ ಮಾತು ನಗರಸಭೆಯ ನಕ್ಷೆಯದ್ದು. ಅಲ್ಲೇ ನಿಮ್ಮ ವಿಳಾಸ ಹಾಕಿ ನೋಡಿ. ಇನ್ನು ಮೆಟ್ರೋದಂಥ ಸ್ಕೈಟ್ರೇನ್ ರೈಲಿನ ನಿಲ್ದಾಣದಿಂದ 800 ಮೀಟರ್, ಹಲವು ರೂಟಿನ ಬಸ್ಸು ಸೇರುವ ನ್ಯೂಟನ್, ಗಿಲ್ಡ್‌ಫರ್ಡ್‌ನಂಥ ಬಸ್ ಎಕ್ಸ್‌ಚೇಂಜಿನಿಂದ 400 ಮೀಟರ್ ಒಳಗಿದ್ದರೆ ನಿಮ್ಮದು ನಿಲ್ದಾಣದ ಸುತ್ತ ಎತ್ತರದ ಕಟ್ಟಡಕ್ಕೆ ಅವಕಾಶ ಕೊಡುವ 47ನೇ ಮಸೂದೆಯ ಕಥೆ. ಸ್ಕೈಟ್ರೇನಿನ ಮಗ್ಗುಲಲ್ಲಿ 20 ಮಹಡಿವರೆಗೂ ಮಾತು ಹೋಗುತ್ತದೆ. ಅಂಥವರು ನನ್ನ ಹತ್ತಿರ ಬರಬೇಡಿ, ವಕೀಲರ ಹತ್ತಿರ ಹೋಗಿ.

ಹದಿನೈದೇ ನಿಮಿಷ ಏಕೆ, ಭಾನುವಾರವೂ ಏಕೆ ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ಇದನ್ನು ಕೇಳಿದರೆ ನನಗೆ ಖುಷಿ. ಬಸ್ಸು ಕಾಲು ಗಂಟೆಗೊಂದು ಬಂದರೆ ಜನ ವೇಳಾಪಟ್ಟಿ ನೋಡದೆ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಅರ್ಧ ಗಂಟೆಗೊಂದು ಅಂದರೆ ಕಾರಿನ ಕೀ ಹುಡುಕುತ್ತಾರೆ. ಆರು ಮನೆಯ ಜಾಗದಲ್ಲಿ ಇಷ್ಟು ಪಾರ್ಕಿಂಗ್ ಇರಲೇಬೇಕು ಅಂತ ನಗರಸಭೆ ಒತ್ತಾಯ ಮಾಡುವಂತಿಲ್ಲ. ಕಾರಿಲ್ಲದೆ ಬದುಕು ಸಾಗಬೇಕೆಂದರೆ ಆಫೀಸಿಗೆ ಹೋಗುವ ದಿನ ಮಾತ್ರ ಬಸ್ಸು ಬಂದರೆ ಆಗುತ್ತದೆಯೇ? ಭಾನುವಾರ ತರಕಾರಿಯನ್ನೂ ತರಬೇಕಲ್ಲ.

ನಿಮ್ಮ ಸ್ಟಾಪ್ ಪಾಸಾಯಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಆರು ಅನ್ನುವುದು ಅವಕಾಶ ಮಾತ್ರ. ಸುತ್ತ ಎಷ್ಟು ಜಾಗ ಬಿಡಬೇಕು, ಎಷ್ಟು ಎತ್ತರ ಏರಬಹುದು ಅನ್ನುವ ನಿಯಮಗಳು ಹಾಗೇ ಇವೆ. ಬೇಸ್‌ಮೆಂಟ್ ಸ್ವೀಟ್ (ಅದೇ ಮನೆಯ ನೆಲಮಾಳಿಗೆಯಲ್ಲಿರುವ ಪ್ರತ್ಯೇಕ ಪುಟ್ಟ ಮನೆ) ಕೂಡ ಒಂದು ಮನೆ ಅಂತಲೇ ಲೆಕ್ಕ. “ಆರು ಮನೆ, ಆರಕ್ಕೂ ಒಂದೊಂದು ಸ್ವೀಟ್” ಅಂತ ಈ ಕಾನೂನು ಎಲ್ಲೂ ಮಾತು ಕೊಟ್ಟಿಲ್ಲ. ಜಾಗದ ಪತ್ರದಲ್ಲಿ ಬಡಾವಣೆ ಮಾಡಿದವರು ಹಿಂದೆ ಬರೆಸಿದ “ಒಂದೇ ಮನೆ” ಅನ್ನುವ ಕವನೆಂಟ್ (ಕರಾರು) ಇದ್ದರೆ ಈ ಕಾನೂನು ಅದನ್ನು ತಾನಾಗಿ ಅಳಿಸಿಹಾಕುವುದಿಲ್ಲ. ಟೈಟಲ್ ತೆಗೆಸಿ ಓದಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಳೆದ ಸಲ ಬೆಂಗಳೂರಿಗೆ ಹೋದಾಗ ಅಣ್ಣನಿಗೆ ಇದನ್ನೆಲ್ಲ ವಿವರಿಸಿದೆ. ಅವನು ನಕ್ಕ. ಅವನ 30×40 ಸೈಟಿನಲ್ಲಿ ಒಂದರ ಮೇಲೊಂದು ನಾಲ್ಕು ಮನೆ. ಕೆಳಗೆ ತಾನು, ಮೇಲೆ ಬಾಡಿಗೆಯವರು. ಬಸ್ಸಿನ ಬಗ್ಗೆ ಯಾರೂ ಕೇಳಿರಲಿಲ್ಲ. ಮೆಟ್ರೋ ನಿಲ್ದಾಣದ ಸುತ್ತ ಹೆಚ್ಚು ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ) ಕೊಡುವ ಮಾತು ಬಂದಿದ್ದರೂ, ಒಳಗಿನ ಬಡಾವಣೆಗಳಲ್ಲಿ ಅಲ್ಲಿ ಕೇಳುವುದು ಸೈಟಿನ ಅಳತೆ ಮತ್ತು ಮುಂದಿನ ರಸ್ತೆ ಎಷ್ಟು ಅಡಿ ಅಗಲ ಅಂತ. ಇಲ್ಲಿ ರಸ್ತೆಯಲ್ಲಿ ಏನು ಓಡುತ್ತದೆ ಅಂತ ಕೇಳುತ್ತಾರೆ, ಅಲ್ಲಿ ರಸ್ತೆಯನ್ನೇ ಅಳೆಯುತ್ತಾರೆ. ಅಗಲ ಇದ್ದರೆ ಬಸ್ಸು ಬಂದೇ ಬರುತ್ತದೆ ಅಂತ ಯಾರೋ ಅಂದುಕೊಂಡಿರಬೇಕು. ಅಣ್ಣನ ರಸ್ತೆಯಲ್ಲಿ ಈಗ ಎರಡೂ ಬದಿಗೆ ಬಾಡಿಗೆಯವರ ಕಾರು ನಿಂತಿವೆ. ನಾನು ಬಂದ ಆಟೋದವನು ಒಳಗೆ ಬರಲೊಪ್ಪದೆ ತಿರುವಿನಲ್ಲೇ ಇಳಿಸಿ ಹೋದ. ಸೂಟ್‌ಕೇಸು ಹೊತ್ತುಕೊಂಡು ನಡೆದೆ.