ಸೋಂಕಿದ್ದರೂ ಮಗುವಿನ ಬಿಳಿ ರಕ್ತಕಣ ಕಡಿಮೆ ಯಾಕೆ?

ಪ್ರಶ್ನೆ: ನಮ್ಮ ಅಕ್ಕನ ಮಗುವಿಗೆ ಈಗ ಆರು ದಿನ. ಹಾಲು ಕುಡಿಯೋದು ನಿಲ್ಲಿಸಿತು ಅಂತ ಆಸ್ಪತ್ರೆಗೆ ಸೇರಿಸಿದೆವು. ಜ್ವರ ಇರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ಕಡಿಮೆ ಬಂತು. ಡಾಕ್ಟರು ‘ಸೆಪ್ಸಿಸ್ ಇರಬಹುದು’ ಅಂದರು. ಸೋಂಕಾದರೆ ಬಿಳಿ ರಕ್ತಕಣ ಜಾಸ್ತಿ ಆಗಬೇಕಲ್ವಾ? ಕಡಿಮೆ ಇದೆ ಅಂದರೆ ಸೋಂಕಿಲ್ಲ ಅಂತ ತಾನೇ?

ಉತ್ತರ: ಹಾಗಲ್ಲ. ಸೆಪ್ಸಿಸ್ ಅಂದರೆ ಸೋಂಕು ರಕ್ತಕ್ಕೆ ಸೇರಿ ಇಡೀ ಮೈಯನ್ನು ಬಾಧಿಸುವ ಸ್ಥಿತಿ. ಹುಟ್ಟಿ 28 ದಿನ ತುಂಬದ ಮಗುವಿನಲ್ಲಿ ಬಿಳಿ ರಕ್ತಕಣ ಏರಿದ್ದಕ್ಕಿಂತ ತೀರಾ ಇಳಿದಿದ್ದರೇ ಡಾಕ್ಟರಿಗೆ ಚಿಂತೆ ಜಾಸ್ತಿ.

ಬಿಳಿ ರಕ್ತಕಣಗಳಲ್ಲಿ ಹಲವು ಬಗೆ ಇವೆ. ಬ್ಯಾಕ್ಟೀರಿಯಾ ಒಳಗೆ ನುಗ್ಗಿದಾಗ ಮೊದಲು ಓಡಿ ಬರುವುದು ನ್ಯೂಟ್ರೋಫಿಲ್ ಎಂಬ ಕಣ. ಅದು ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನೂ ಸಾಯುತ್ತದೆ. ಇವು ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ದೊಡ್ಡವರ ಮಜ್ಜೆ ತುಂಬಿದ ಕಣಜ ಇದ್ದ ಹಾಗೆ. ರಕ್ತದಲ್ಲಿ ಓಡಾಡುವುದಕ್ಕಿಂತ ಎಷ್ಟೋ ಪಟ್ಟು ನ್ಯೂಟ್ರೋಫಿಲ್‌ಗಳು ಅಲ್ಲಿ ಕಾದಿರುತ್ತವೆ. ಸೋಂಕು ತಗುಲಿದ ಕೂಡಲೇ ಅವು ರಕ್ತಕ್ಕಿಳಿಯುತ್ತವೆ. ನೀವು ಹೇಳಿದ ಹಾಗೆ ಎಣಿಕೆ ಏರುವುದು ಅದಕ್ಕೇ. ಆಗ ತಾನೇ ಹುಟ್ಟಿದ ಮಗುವಿನ ಕಣಜ ತುಂಬಾ ಚಿಕ್ಕದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನದ್ದು ಇನ್ನೂ ಚಿಕ್ಕದು. ಸೋಂಕು ಜೋರಾದರೆ ಅದು ಬೇಗ ಖಾಲಿಯಾಗುತ್ತದೆ. ಹೊಸ ಕಣಗಳು ಅಷ್ಟು ಬೇಗ ತಯಾರಾಗುವುದಿಲ್ಲ. ರಿಪೋರ್ಟ್‌ನಲ್ಲಿ ಕಾಣುವ ಇಳಿಕೆ ಇದೇ ಇರಬಹುದು.

ಕಣಗಳು ಸಾಲದೆ ಬಂದಾಗ ಮಜ್ಜೆ ಇನ್ನೂ ಬಲಿಯದ ಎಳೆಯ ಕಣಗಳನ್ನೂ ರಕ್ತಕ್ಕೆ ಬಿಡುತ್ತದೆ. ಒಟ್ಟು ನ್ಯೂಟ್ರೋಫಿಲ್‌ಗಳಲ್ಲಿ ಎಳೆಯವು ಎಷ್ಟು ಅಂತ ಲ್ಯಾಬಿನವರು ಲೆಕ್ಕ ಹಾಕುತ್ತಾರೆ. ಆ ಪಾಲು 0.2 ದಾಟಿದರೆ, ಅಂದರೆ ಐದರಲ್ಲಿ ಒಂದಕ್ಕಿಂತ ಜಾಸ್ತಿ ಇದ್ದರೆ, ಅನುಮಾನ ಬಲವಾಗುತ್ತದೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಟ್ಟು ಬಿಳಿ ರಕ್ತಕಣ 5,000ಕ್ಕಿಂತ ಕಡಿಮೆ ಇದ್ದರೂ ಹಾಗೆಯೇ. ಇದರ ಜೊತೆಗೆ ಸಿಆರ್‌ಪಿ, ಅಂದರೆ ಸೋಂಕು, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್, ಎಷ್ಟಿದೆ ಅಂತಲೂ ನೋಡುತ್ತಾರೆ. ಯಾವುದೋ ಒಂದು ಸಂಖ್ಯೆ ಹಿಡಿದು ತೀರ್ಮಾನ ಮಾಡುವುದಿಲ್ಲ. ಹುಟ್ಟಿದ ಮೊದಲ ದಿನ ಆರೋಗ್ಯವಂತ ಮಗುವಿಗೂ ಬಿಳಿ ರಕ್ತಕಣ 20,000, ಕೆಲವೊಮ್ಮೆ 30,000ದವರೆಗೂ ಇರಬಹುದು. ಬಸುರಿಯಲ್ಲಿ ತಾಯಿಗೆ ಬಿಪಿ ಜಾಸ್ತಿ ಇದ್ದಿದ್ದರೆ, ಸೋಂಕೇ ಇಲ್ಲದಿದ್ದರೂ ಮಗುವಿನ ನ್ಯೂಟ್ರೋಫಿಲ್ ಕೆಲವು ದಿನ ಕಡಿಮೆ ಇರಬಹುದು. ನಿಮ್ಮಕ್ಕನಿಗೆ ಬಿಪಿ ಇತ್ತಾ? ಡಾಕ್ಟರಿಗೆ ತಪ್ಪದೆ ಹೇಳಿ.

ಎಣಿಕೆಯಷ್ಟೇ ಅಲ್ಲ, ಈ ಕಣಗಳು ಕೆಲಸ ಮಾಡುವ ರೀತಿಯೂ ಬೇರೆ. ಎಳೆ ಮಗುವಿನ ನ್ಯೂಟ್ರೋಫಿಲ್ ರಕ್ತನಾಳದ ಗೋಡೆಗೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಸೋಂಕಿನ ಜಾಗಕ್ಕೆ ನಿಧಾನವಾಗಿ ಹೋಗುತ್ತದೆ. ದೊಡ್ಡವರ ನ್ಯೂಟ್ರೋಫಿಲ್ ತನ್ನದೇ ಡಿಎನ್‌ಎಯನ್ನು ಬಲೆಯಂತೆ ಹೊರಚೆಲ್ಲಿ ಬ್ಯಾಕ್ಟೀರಿಯಾವನ್ನು ಸಿಕ್ಕಿಸಬಲ್ಲದು. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ಕಣಗಳಿಗೆ ಅದು ಅಷ್ಟಾಗಿ ಆಗುವುದಿಲ್ಲ. ಮಾನೋಸೈಟ್ ಎಂಬ ಇನ್ನೊಂದು ಬಗೆಯ ಕಣ ಉಳಿದ ಕಣಗಳನ್ನು ಎಚ್ಚರಿಸಬೇಕು. ಅದರ ಸಂಕೇತಗಳೂ ಮಂದ.

ಇದನ್ನು ಕೇಳಿ ‘ನಮ್ಮ ಮಗುವಿಗೆ ಶಕ್ತಿಯೇ ಇಲ್ಲ’ ಅಂತ ಅಕ್ಕ ನೊಂದುಕೊಳ್ಳಬಾರದು. ಇದು ದೋಷವಲ್ಲ, ಎಲ್ಲ ಮಕ್ಕಳೂ ಹೀಗೇ ಹುಟ್ಟುವುದು. ಹೊಟ್ಟೆಯಲ್ಲಿದ್ದಾಗ ಮಗುವಿನ ರೋಗನಿರೋಧಕ ಕಣಗಳು ತಾಯಿಯ ಕಣಗಳ ಮೇಲೆ ಜಗಳಕ್ಕೆ ಹೋಗಬಾರದು. ಹುಟ್ಟಿದ ಗಂಟೆಗಳಲ್ಲೇ ಕೋಟಿಗಟ್ಟಲೆ ಒಳ್ಳೆಯ ಬ್ಯಾಕ್ಟೀರಿಯಾ ಮಗುವಿನ ಕರುಳು, ಚರ್ಮಕ್ಕೆ ಬಂದು ನೆಲೆಸುತ್ತವೆ. ಅವುಗಳ ಮೇಲೆಲ್ಲ ದೇಹ ಹಾರಿಬಿದ್ದರೆ ಮಗು ಉಳಿಯುವುದೇ ಕಷ್ಟ. ಹಾಗಾಗಿ ಮೊದಲ ವಾರಗಳಲ್ಲಿ ದೇಹ ಬೇಕೆಂದೇ ತಣ್ಣಗಿರುತ್ತದೆ. ಅದೇ ಹೊತ್ತಿಗೆ ಕೆಟ್ಟ ಬ್ಯಾಕ್ಟೀರಿಯಾ ರಕ್ತ ಸೇರಿಬಿಟ್ಟರೆ ಆ ತಾಳ್ಮೆಯೇ ಅಪಾಯವಾಗುತ್ತದೆ.

ಜ್ವರ ಬರದೇ ಇರಲು ಕಾರಣವೂ ಇದರಲ್ಲೇ ಸ್ವಲ್ಪ ಇದೆ. ಸೆಪ್ಸಿಸ್ ಆದ ಎಳೆ ಮಗು ಬಿಸಿಯಾಗುವ ಬದಲು ತಣ್ಣಗಾಗಬಹುದು. ಜ್ವರ ಇಲ್ಲ ಅಂತ ಕಾಯುತ್ತಾ ಕೂರುವ ಮನೆಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ನಿಮಿಷಕ್ಕೆ 60 ಅಥವಾ ಜಾಸ್ತಿ ಸಲ ಉಸಿರಾಡಿದರೆ, ಎದೆ ಒಳಸೇದಿದರೆ, ಫಿಟ್ಸ್ ಬಂದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಇವುಗಳಲ್ಲಿ ಒಂದೇ ಇದ್ದರೂ 108ಕ್ಕೆ ಫೋನ್ ಮಾಡಿ. ನೀವು ಹಾಲು ಬಿಟ್ಟದ್ದನ್ನೇ ಗಮನಿಸಿ ಹೊರಟಿರಿ, ಅದು ದೊಡ್ಡ ಕೆಲಸ.

ಇನ್ನೊಂದು ಮಾತು. ತಡವಾಗಿ ಎಚ್ಚೆತ್ತ ಕಣಗಳು ಕೆಲವೊಮ್ಮೆ ಅತಿಯಾಗಿ ಕೆರಳುತ್ತವೆ. ಅವು ಬಿಡುವ ರಾಸಾಯನಿಕಗಳಿಂದ ರಕ್ತನಾಳಗಳು ಸೋರುತ್ತವೆ, ಬಿಪಿ ಕುಸಿಯುತ್ತದೆ, ಶ್ವಾಸಕೋಶ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಸೆಪ್ಸಿಸ್‌ನಲ್ಲಿ ಜೀವಕ್ಕೆ ಕುತ್ತು ತರುವುದು ಬ್ಯಾಕ್ಟೀರಿಯಾ ಒಂದೇ ಅಲ್ಲ.

ಹಾಗಾದರೆ ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಕೊಡಬಾರದಾ? ಈ ಆಸೆ ಸಂಶೋಧಕರಿಗೂ ಇತ್ತು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವಧಿಗೆ ಮೊದಲೇ ಹುಟ್ಟಿದ 280 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮುನ್ನೆಚ್ಚರಿಕೆಯಾಗಿ ಅಂಥ ಔಷಧ ಕೊಟ್ಟರು. ಎಣಿಕೆಯೇನೋ ಬೇಗ ಏರಿತು. ಸೆಪ್ಸಿಸ್ ಮಾತ್ರ ಕಡಿಮೆಯಾಗಲಿಲ್ಲ. 2011ರಲ್ಲಿ ಬಂದ ಇನ್ನೊಂದು ಅಧ್ಯಯನ ಸುಮಾರು 3,500 ಮಕ್ಕಳ ಮೇಲೆ ನಡೆದಿತ್ತು. ಅದರಲ್ಲಿ ಪ್ರತಿಕಾಯಗಳ (ರೋಗಾಣುಗಳಿಗೆ ಅಂಟಿ ತಡೆಯುವ ಪ್ರೋಟೀನ್‌ಗಳ) ಇಂಜೆಕ್ಷನ್, ಅಂದರೆ ಇಮ್ಯುನೋಗ್ಲೋಬ್ಯುಲಿನ್, ಕೊಟ್ಟು ನೋಡಿದರು. ಅದರಿಂದಲೂ ಲಾಭ ಕಾಣಲಿಲ್ಲ. ಹಾಗಾಗಿ ಡಾಕ್ಟರು ಅಂಥ ದುಬಾರಿ ಇಂಜೆಕ್ಷನ್ ಬರೆಯದಿದ್ದರೆ ಏನೋ ಬಿಟ್ಟುಹೋಯಿತು ಅಂತ ಅಂದುಕೊಳ್ಳಬೇಡಿ.

ನಿಜವಾಗಿ ಬೇಕಾದದ್ದು ತಡಮಾಡದೆ ಕೊಡುವ ಆ್ಯಂಟಿಬಯೋಟಿಕ್. ಅದಕ್ಕೂ ಮೊದಲು ಬ್ಲಡ್ ಕಲ್ಚರ್‌ಗೆ, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಯಾವುದೆಂದು ನೋಡುವ ಪರೀಕ್ಷೆಗೆ, ರಕ್ತ ತೆಗೆಯುತ್ತಾರೆ. ಆ ಪರೀಕ್ಷೆ ಸುಮ್ನೆ ಖರ್ಚು ಅಂತ ಅನಿಸಬಹುದು, ಆದರೆ ನಮ್ಮ ದೇಶದಲ್ಲಿ ಅದು ಬೇಕೇಬೇಕು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳೇ ಹೆಚ್ಚಾಗಿ ಸಿಕ್ಕಿದವು. ಅವುಗಳಲ್ಲಿ ಬಹಳಷ್ಟು ಹಲವು ಔಷಧಗಳಿಗೆ ಬಗ್ಗುತ್ತಿರಲಿಲ್ಲ. ಯಾವ ಔಷಧ ನಾಟುತ್ತದೆ ಅಂತ ಹೇಳುವುದು ಕಲ್ಚರ್ ರಿಪೋರ್ಟೇ.

ಅಕ್ಕನ ಕೈಯಲ್ಲೂ ಒಂದು ಔಷಧವಿದೆ. ಎದೆಹಾಲಿನಲ್ಲಿ, ಅದರಲ್ಲೂ ಮೊದಲ ದಿನಗಳ ದಪ್ಪ ಹಳದಿ ಹಾಲಿನಲ್ಲಿ, ಪ್ರತಿಕಾಯಗಳೂ ಬಿಳಿ ರಕ್ತಕಣಗಳೂ ತುಂಬಿರುತ್ತವೆ. ಮನೆಗೆ ಬಂದ ಮೇಲೆ ಯಾರಾದರೂ ಜೇನು ನೆಕ್ಕಿಸಲು, ಸಕ್ಕರೆ ನೀರು ಅಥವಾ ಕತ್ತೆ ಹಾಲು ಕುಡಿಸಲು ಬಂದರೆ ದಯವಿಟ್ಟು ತಡೆಯಿರಿ. ಹೊಕ್ಕುಳಿಗೆ ಎಣ್ಣೆ, ಅರಿಶಿನ ಹಚ್ಚುವುದೂ ಬೇಡ, ಒಣಗಿದ್ದರೆ ಸಾಕು. ಮಗುವನ್ನು ಮುಟ್ಟುವ ಪ್ರತಿಯೊಬ್ಬರೂ ಸೋಪಿನಿಂದ ಕೈ ತೊಳೆಯಲಿ. ಮಗು ಈಗ ಒಳಗೆ ಎನ್‌ಐಸಿಯುನಲ್ಲಿದ್ದರೂ (ಎಳೆ ಮಕ್ಕಳ ತೀವ್ರ ನಿಗಾ ಘಟಕ) ಹಾಲು ಹಿಂಡಿ ಕೊಡಬಹುದಾ, ಎದೆಗೆ ಅಪ್ಪಿಕೊಂಡು ಕೂರುವ ಕಾಂಗರೂ ಆರೈಕೆ ಯಾವಾಗ ಶುರು ಮಾಡಬಹುದು ಅಂತ ಅಲ್ಲಿನ ಸಿಸ್ಟರ್‌ನ್ನು ಇವತ್ತೇ ಕೇಳಿ.